ಮೂರ್ಛೆಯಲ್ಲಿ ಕೇಳಿದ ಮಾತು

ಮಧ್ಯಾಹ್ನದ ಊಟವಾಗಿದೆ. ರೇಡಿಯೋ ಹಚ್ಚಿ ಆರಾಮಕುರ್ಚಿಯಲ್ಲಿ ಒರಗಿದ್ದೀರಿ ಎಂದಿಟ್ಟುಕೊಳ್ಳಿ. ಭಾವಗೀತೆ ಪ್ರಾರಂಭವಾದದ್ದು ನಿಮಗೆ ಗೊತ್ತು, ಮುಗಿದದ್ದು ಗೊತ್ತಿಲ್ಲ. ಕಣ್ಣು ತೆರೆದಾಗ ಯಾರೋ ಭತ್ತದ ಬೆಳೆಗೆ ಬರುವ ರೋಗದ ಬಗ್ಗೆ ಹೇಳುತ್ತಿದ್ದಾರೆ. “ನಿದ್ದೆ ಹತ್ತಿತ್ತೇನು?” ಎಂದು ಮನೆಯವರು ಕೇಳಿದರೆ “ಇಲ್ಲ, ಕೇಳುತ್ತಿದ್ದೆ” ಎಂದು ನಾವೆಲ್ಲರೂ ಒಂದೊಂದು ಸಲ ಸುಳ್ಳು ಹೇಳಿದವರೇ. ಆದರೆ ಸಂಜೆ ಕೈಕಾಲು ತೊಳೆಯುವಾಗ ಒಂದು ಹಾಡಿನ ಧಾಟಿ ಬಾಯಿಗೆ ಬರುತ್ತದೆ. ಎಲ್ಲಿ ಕೇಳಿದೆವೆಂದು ನೆನಪಿಲ್ಲ. ಹಾಗಾದರೆ ನಾವು ಹೇಳಿದ್ದು ಪೂರಾ ಸುಳ್ಳಾಗಿರಲಿಲ್ಲವೇನೋ ಎಂಬ ಅನುಮಾನ ಬರುತ್ತದೆ.

ಈ ಅನುಮಾನ ಹೊಸದಲ್ಲ. ಗರ್ಭದಲ್ಲಿದ್ದ ಅಭಿಮನ್ಯು ಚಕ್ರವ್ಯೂಹದ ರಹಸ್ಯ ಕೇಳಿ ಕಲಿತನೆಂದೂ, ನಡುವೆ ಸುಭದ್ರೆಗೆ ನಿದ್ದೆ ಬಂದದ್ದರಿಂದ ಹೊರಬರುವ ದಾರಿ ತಿಳಿಯದೆ ಹೋಯಿತೆಂದೂ ನಮ್ಮ ಜನ ಹೇಳುವ ಕತೆ ನಿಮಗೆ ಗೊತ್ತೇ ಇದೆ. ಕತೆ ಕಟ್ಟಿದವನು ಜಾಣ. ತಾಯಿ ಮಲಗಿದೊಡನೆ ಪಾಠವನ್ನು ನಿಲ್ಲಿಸಿಬಿಟ್ಟ. ಕಳೆದ ಶತಮಾನದ ನಡುಗಾಲದಲ್ಲಿ ಅಮೆರಿಕದಲ್ಲಿ ಇಷ್ಟೂ ಜಾಣತನವಿರಲಿಲ್ಲ. ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದರೆ ಬೆಳಗಾಗುವಷ್ಟರಲ್ಲಿ ಪರಭಾಷೆ ಕಲಿಸುತ್ತೇವೆಂದು ಯಂತ್ರಗಳನ್ನು ಮಾರಿದರು. 1956ರಲ್ಲಿ ಸೈಮನ್ ಮತ್ತು ಎಮನ್ಸ್ ಎಂಬಿಬ್ಬರು ಮಲಗಿದವರ ಮಿದುಳಿನ ವಿದ್ಯುತ್ತಿನ ಅಲೆಗಳನ್ನು ಕಾಗದದ ಮೇಲೆ ಬರೆಯಿಸಿಕೊಳ್ಳುತ್ತ, ಅವರ ಕಿವಿಯಲ್ಲಿ ಪ್ರಶ್ನೋತ್ತರಗಳನ್ನು ಹೇಳಿ ಪರೀಕ್ಷಿಸಿದರು. ಅಲೆಗಳು ನಿಜವಾದ ನಿದ್ದೆಯನ್ನು ತೋರಿಸಿದ ಮೇಲೆ ಹೇಳಿದ್ದು ಏನೂ ಉಳಿದಿರಲಿಲ್ಲ. ಉಳಿದದ್ದು ಅರೆಎಚ್ಚರದಲ್ಲಿ ಕೇಳಿದ್ದು ಮಾತ್ರ. ನನ್ನ ತರಗತಿಯ ಹಿಂದಿನ ಬೆಂಚಿನ ಹುಡುಗರಿಗೆ ಇದನ್ನು ನಾನು ಆಗಾಗ ಹೇಳುವುದುಂಟು.

ಆದರೆ ನಾನು ಇಂದು ನಿಮ್ಮ ಮುಂದಿಡಬೇಕೆಂದಿರುವುದು ಊಟದ ಮೇಲಿನ ನಿದ್ದೆಯ ವಿಚಾರವನ್ನಲ್ಲ. ಶಸ್ತ್ರಕ್ರಿಯೆಯ ಮೇಜಿನ ಮೇಲೆ ಔಷಧದ ಬಲದಿಂದ ಬರಿಸಿದ ಮೂರ್ಛೆಯ ವಿಚಾರವನ್ನು. ಅಲ್ಲಿ ಮಲಗಿದವನ ಕಿವಿಗೆ ಬಿದ್ದ ಮಾತು ಎಲ್ಲಿಗೆ ಹೋಗುತ್ತದೆ?

ಮೊದಲು ಶಬ್ದವನ್ನು ನೋಡೋಣ. ಪಂಡಿತನಿಗೆ ಆ ಚಟ ಬಿಡುವುದಿಲ್ಲ. 1846ರ ನವೆಂಬರಿನಲ್ಲಿ ಬೋಸ್ಟನ್ನಿನ ವೈದ್ಯ-ಸಾಹಿತಿ ಆಲಿವರ್ ವೆಂಡೆಲ್ ಹೋಮ್ಸ್ ಈ ಹೊಸ ಸ್ಥಿತಿಗೆ ಗ್ರೀಕ್ ಮೂಲದ ‘ಅನಸ್ತೀಸಿಯ’ ಎಂಬ ಹೆಸರನ್ನು ಸೂಚಿಸಿದ. ಸಂವೇದನೆ ಇಲ್ಲದಿರುವುದು ಎಂದಷ್ಟೇ ಅದರ ಅರ್ಥ. ಕನ್ನಡದಲ್ಲಿ ನಾವು ‘ಅರಿವಳಿಕೆ’ ಎಂದೆವು. ಅರಿವು ಅಳಿಯುವುದು. ಗ್ರೀಕರ ಮಾತಿಗಿಂತ ನಮ್ಮದು ಒಂದು ಹೆಜ್ಜೆ ಮುಂದೆ ಹೋಯಿತು. ನೋವಷ್ಟೇ ಅಲ್ಲ, ಅರಿವೇ ಅಳಿಯಿತೆಂದು ತೀರ್ಪು ಕೊಟ್ಟುಬಿಟ್ಟಿತು. ಆದರೆ ನಮ್ಮ ಬೆಳಗಾವಿ, ಖಾನಾಪುರದ ಕಡೆ ಯಾರೂ ಅರಿವಳಿಕೆ ಎನ್ನುವುದಿಲ್ಲ. ‘ಭೂಲ್ ಕೊಡ್ತಾರ’ ಎನ್ನುತ್ತಾರೆ. ಕೊಡುವವರು ‘ಭೂಲಿನ ಡಾಕ್ಟರು’. ಮರಾಠಿಯಿಂದ ಬಂದ ಮಾತು. ಅಲ್ಲಿ ಅದಕ್ಕೆ ಮರುಳು, ಮೋಹ ಎಂಬ ಛಾಯೆ; ಹಿಂದಿಗೆ ಹೋದರೆ ಅದೇ ಶಬ್ದಕ್ಕೆ ಮರೆವು ಎಂಬ ಅರ್ಥ. ಅರಿವು ಅಳಿಯಿತೋ, ಇಲ್ಲ ಆದದ್ದು ಮರೆತುಹೋಯಿತೋ? ವೈದ್ಯರು ಎಪ್ಪತ್ತೆಂಬತ್ತು ವರ್ಷಗಳಿಂದ ಕೇಳಿಕೊಳ್ಳುತ್ತಿರುವ ಪ್ರಶ್ನೆ ಈ ಎರಡು ಶಬ್ದಗಳ ನಡುವೆಯೇ ಇದೆ.

ಬೆಳಗಾವಿಯ ಮಾತು ಬಂದಿತು. ಟಿಳಕವಾಡಿಯಲ್ಲಿ ಕಾಂಗ್ರೆಸ್ ಬಾವಿಯ ಮುಂದೆ ನೀವು ಹಾದುಹೋಗಿರಬಹುದು. 1924ರ ಡಿಸೆಂಬರ್ 26 ಮತ್ತು 27ರಂದು ಅಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಮಹಾತ್ಮಾ ಗಾಂಧಿಯವರೇ ಅಧ್ಯಕ್ಷರು. ಅವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಗಂಗಾಧರರಾವ ದೇಶಪಾಂಡೆಯವರು ಟೊಂಕ ಕಟ್ಟಿ ನಿಂತು ಏರ್ಪಡಿಸಿದ ಆ ಅಧಿವೇಶನದ ಸಂಗತಿಗಳನ್ನು 2024ರ ಶತಮಾನೋತ್ಸವದ ಸಮಯದಲ್ಲಿ ನೀವು ಬೇಕಾದಷ್ಟು ಕೇಳಿದ್ದೀರಿ. ಆದರೆ ಅದೇ ವರ್ಷದ ಜನವರಿಯಲ್ಲಿ ಆ ಅಧ್ಯಕ್ಷರು ಪುಣೆಯ ಒಂದು ಮೇಜಿನ ಮೇಲೆ ಕ್ಲೋರೋಫಾರಂ ಮೂಸಿ ಪ್ರಜ್ಞೆ ತಪ್ಪಿ ಮಲಗಿದ್ದರೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಗಾಂಧೀಜಿಯವರಿಗೆ 1922ರ ಮಾರ್ಚ್ 18ರಂದು ಆರು ವರ್ಷದ ಶಿಕ್ಷೆಯಾಗಿತ್ತು. ಯೆರವಡೆಯ ಸೆರೆಮನೆಯಲ್ಲಿದ್ದಾಗ ಹೊಟ್ಟೆನೋವು ಕಾಣಿಸಿ, ಅಪೆಂಡಿಸೈಟಿಸ್ ಎಂದು ಗೊತ್ತಾಗಿ, ಅವರನ್ನು ಪುಣೆಯ ಸಾಸೂನ್ ಆಸ್ಪತ್ರೆಗೆ ತಂದರು. 1924ರ ಜನವರಿ 12ರ ರಾತ್ರಿ. ಶಸ್ತ್ರವೈದ್ಯ ಕರ್ನಲ್ ಮ್ಯಾಡಕ್ ಇಂಗ್ಲಿಷರವನು. ಸರಕಾರದ ಕೈದಿಯೊಬ್ಬ ಸರಕಾರದ ವೈದ್ಯನ ಕೈಯಲ್ಲಿ ಪ್ರಜ್ಞೆ ಇಲ್ಲದೆ ಮಲಗಬೇಕು. ಏನಾದರೂ ಹೆಚ್ಚುಕಡಿಮೆಯಾದರೆ ದೇಶವೇ ಹೊತ್ತಿಕೊಳ್ಳುತ್ತಿತ್ತು. ಆದ್ದರಿಂದ ಶ್ರೀನಿವಾಸ ಶಾಸ್ತ್ರಿಗಳನ್ನು ಕರೆಸಿ, ಅವರ ಎದುರಿನಲ್ಲಿ ಗಾಂಧೀಜಿ ತಮ್ಮ ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿದರು. ಕೈ ನಡುಗುತ್ತಿತ್ತು. 1909ರ ‘ಹಿಂದ್ ಸ್ವರಾಜ್’ನಲ್ಲಿ ವೈದ್ಯರನ್ನೂ ಆಸ್ಪತ್ರೆಗಳನ್ನೂ ಕಟುವಾಗಿ ಟೀಕಿಸಿದ್ದವರು ಅವರೇ ಎಂಬುದನ್ನು ನೆನೆದರೆ ಆ ಸಹಿಯ ಬೆಲೆ ತಿಳಿದೀತು. ಶಸ್ತ್ರಕ್ರಿಯೆ ನಡೆಯುತ್ತಿರುವಾಗ ಗುಡುಗು ಮಳೆಗೆ ವಿದ್ಯುದ್ದೀಪ ಆರಿತು. ಟಾರ್ಚೂ ಕೈಕೊಟ್ಟಿತು. ಕಂದೀಲು ಹಿಡಿದು ಕೆಲಸ ಮುಗಿಸಿದರು. ಫೆಬ್ರುವರಿ 5ರಂದು ಸರಕಾರ ಅವರನ್ನು ಬಿಡುಗಡೆ ಮಾಡಿತು. ಬಿಡುಗಡೆಯಾಗದಿದ್ದರೆ ಬೆಳಗಾವಿಗೆ ಆ ಅಧ್ಯಕ್ಷರು ಬರುತ್ತಿದ್ದದ್ದು ಹೇಗೆ?

ಆ ರಾತ್ರಿಯನ್ನು ಚಿತ್ರಿಸಿಕೊಳ್ಳಿ. ದೀಪ ಹೋದಾಗ ಆ ಕೋಣೆಯಲ್ಲಿದ್ದವರು ಮೌನವಾಗಿದ್ದಿರಲಾರರು. ಗಾಬರಿಯ ಎರಡು ಮಾತಾದರೂ ಬಂದೇ ಬಂದಿರಬೇಕು. ಮೇಜಿನ ಮೇಲಿದ್ದ ಕಿವಿಗಳು ತೆರೆದೇ ಇದ್ದವು. ಕಣ್ಣಿಗೆ ರೆಪ್ಪೆ ಇದ್ದಂತೆ ಕಿವಿಗೆ ರೆಪ್ಪೆ ಇಲ್ಲ. ಆದರೆ ಅಂದಿನ ವೈದ್ಯಶಾಸ್ತ್ರಕ್ಕೆ ಆ ಕಿವಿಗಳ ಚಿಂತೆ ಇರಲಿಲ್ಲ. ಏಕಿರಲಿಲ್ಲ ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ನೋವು ತಿಳಿಯದಂತೆ ಮಾಡುವ ಆಸೆ ಶಸ್ತ್ರದಷ್ಟೇ ಹಳೆಯದು. ಶಸ್ತ್ರ ಹಾಕುವ ಮೊದಲು ರೋಗಿಗೆ ಮದ್ಯ ಕುಡಿಸಬೇಕೆಂದು ಸುಶ್ರುತಸಂಹಿತೆ ಹೇಳುತ್ತದೆ. ಬಲ್ಲಾಳನ ಭೋಜಪ್ರಬಂಧದಲ್ಲಿ ಇನ್ನೂ ಸೊಗಸಾದ ಕತೆ ಇದೆ. ಭೋಜರಾಜ ಕೊಳದ ನೀರಿನಲ್ಲಿ ಮುಖ ತೊಳೆಯುವಾಗ ಮೂಗಿನಿಂದ ಮೀನಿನ ಮರಿ ತಲೆಗೆ ಸೇರಿ ಅಸಹ್ಯವಾದ ಶೂಲೆ ಹುಟ್ಟುತ್ತದೆ. ವೇಷ ಮರೆಸಿ ಬಂದ ಅಶ್ವಿನೀದೇವತೆಗಳು ಮೋಹಚೂರ್ಣದಿಂದ ರಾಜನನ್ನು ಮೈಮರೆಸಿ, ಕಪಾಲವನ್ನು ತೆರೆದು ಮೀನನ್ನು ತೆಗೆದು, ಮತ್ತೆ ಸಂಜೀವಿನಿಯಿಂದ ಎಬ್ಬಿಸುತ್ತಾರೆ. ಮೋಹಚೂರ್ಣವೆಂಬ ಮಾತಿಗೂ ನಮ್ಮ ಭೂಲಿಗೂ ಎಷ್ಟು ಹತ್ತಿರ! ಇದು ಕತೆ, ಇತಿಹಾಸವಲ್ಲ. ಆದರೆ ಮೂರ್ಛೆಗೆ ಒಂದು ಔಷಧ, ಎಚ್ಚರಕ್ಕೆ ಇನ್ನೊಂದು ಎಂಬ ಕಲ್ಪನೆಯಂತೂ ನಮ್ಮವರಿಗೆ ಇತ್ತು.

ಇತಿಹಾಸ ಪ್ರಾರಂಭವಾಗುವುದು 1846ರ ಅಕ್ಟೋಬರ್ 16ರಂದು, ಬೋಸ್ಟನ್ನಿನಲ್ಲಿ ಮಾರ್ಟನ್ ಎಂಬ ದಂತವೈದ್ಯ ಈಥರನ್ನು ಬಹಿರಂಗವಾಗಿ ಪ್ರಯೋಗಿಸಿದಾಗ. ಸಮಾಚಾರ ಹಡಗಿನಲ್ಲಿ ಬಂದರೂ ಐದಾರು ತಿಂಗಳೊಳಗೆ, 1847ರ ಮಾರ್ಚ್ 22ರಂದು, ಕಲಕತ್ತೆಯಲ್ಲಿ ಈಥರ್ ಕೊಟ್ಟು ಶಸ್ತ್ರಕ್ರಿಯೆ ಮಾಡಿದರು. ಅದೇ ವರ್ಷದ ನವೆಂಬರಿನಲ್ಲಿ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರಮ್ಮಿನ ಗುಣವನ್ನು ಕಂಡುಕೊಂಡ. ನಮ್ಮ ಕಲಬುರ್ಗಿ, ರಾಯಚೂರು, ಬೀದರಗಳು ಯಾವ ನಿಜಾಮನ ಆಳ್ವಿಕೆಯಲ್ಲಿದ್ದವೋ ಅದೇ ನಿಜಾಮನ ಹಣದಿಂದ 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಎರಡು ಕ್ಲೋರೋಫಾರಂ ಆಯೋಗಗಳು ನಡೆದವು. ಕ್ಲೋರೋಫಾರಂ ಕೊಲ್ಲುವುದು ಉಸಿರನ್ನು ನಿಲ್ಲಿಸಿಯೇ ಹೊರತು ಹೃದಯವನ್ನಲ್ಲ ಎಂದು ಆಯೋಗ ತೀರ್ಮಾನಿಸಿತು. ತೀರ್ಮಾನ ಪೂರ್ತಿ ಸರಿಯಲ್ಲವೆಂದು 1911ರಲ್ಲಿ ಲೆವಿ ಎಂಬವನು ತೋರಿಸಿದ. ಅರೆಮೂರ್ಛೆಯಲ್ಲಿ ಹೃದಯವೇ ತಾಳ ತಪ್ಪಿ ನಿಲ್ಲಬಹುದಾಗಿತ್ತು. ಅಂದರೆ ಆ ಕಾಲದ ಚಿಂತೆಯೆಲ್ಲ ರೋಗಿ ಬದುಕಿ ಏಳುತ್ತಾನೆಯೇ ಎಂಬುದು. ಎದ್ದಮೇಲೆ ಏನು ನೆನೆಯುತ್ತಾನೆ ಎಂಬುದು ಐಷಾರಾಮದ ಪ್ರಶ್ನೆ.

ಇನ್ನೊಂದು ಕಾರಣವೂ ಇತ್ತು. ಈಥರ್, ಕ್ಲೋರೋಫಾರಂಗಳ ಕಾಲದಲ್ಲಿ ಒಂದೇ ಔಷಧ ಮೂರು ಕೆಲಸ ಮಾಡಬೇಕಿತ್ತು: ನೋವು ಕಳೆಯಬೇಕು, ಪ್ರಜ್ಞೆ ಕಳೆಯಬೇಕು, ಮೈಯ ಬಿಗಿತವನ್ನೂ ಸಡಿಲಿಸಬೇಕು. ಸ್ನಾಯುಗಳು ಸಡಿಲವಾಗುವಷ್ಟು ಕೊಟ್ಟರೆ ಪ್ರಜ್ಞೆ ಆಳದಲ್ಲಿ ಮುಳುಗಿರುತ್ತಿತ್ತು. ಕಡಿಮೆಯಾದರೆ ರೋಗಿ ಕೈಕಾಲು ಆಡಿಸಿ, ನರಳಿ, ತಾನೇ ತಿಳಿಸುತ್ತಿದ್ದ. 1942ರಲ್ಲಿ ಮಾಂಟ್ರಿಯಲ್ಲಿನ ಗ್ರಿಫಿತ್ ಮತ್ತು ಜಾನ್ಸನ್ ಎಂಬವರು ದಕ್ಷಿಣ ಅಮೆರಿಕದ ಬೇಡರು ಬಾಣಕ್ಕೆ ಹಚ್ಚುತ್ತಿದ್ದ ಕ್ಯುರಾರೆ ಎಂಬ ವಿಷದ ಶುದ್ಧಿಮಾಡಿದ ರೂಪವನ್ನು ಶಸ್ತ್ರಕ್ರಿಯೆಗೆ ಬಳಸಿದರು. ಅದು ಸ್ನಾಯುಗಳನ್ನು ಮಾತ್ರ ಸಡಿಲಿಸುತ್ತದೆ, ಪ್ರಜ್ಞೆಯನ್ನು ಮುಟ್ಟುವುದಿಲ್ಲ. ಇದು ದೊಡ್ಡ ಉಪಕಾರ, ಸಂಶಯವಿಲ್ಲ. ಮೂರ್ಛೆಯ ಔಷಧವನ್ನು ಕಡಿಮೆ ಕೊಟ್ಟರೂ ಸಾಕಾಯಿತು, ಎಷ್ಟೋ ಜೀವಗಳು ಉಳಿದವು. ಆದರೆ ಅಂದಿನಿಂದ ರೋಗಿಯ ಸಾಕ್ಷ್ಯ ನಿಂತುಹೋಯಿತು. ಒಳಗೆ ಎಚ್ಚರವಿದ್ದರೂ ಬೆರಳನ್ನಾಡಿಸಲಾರ. ಕಿವಿಯ ಪ್ರಶ್ನೆ ಹುಟ್ಟಿದ್ದು ಆಗ.

ನನಗೆ ಈ ಪ್ರಶ್ನೆ ಬಂದದ್ದು ಪುಸ್ತಕದಿಂದಲ್ಲ. ನನ್ನ ಅಕ್ಕನನ್ನು ಖಾನಾಪುರ ತಾಲೂಕಿನ ಹಳ್ಳಿಯೊಂದಕ್ಕೆ ಕೊಟ್ಟಿದೆ. ಹದಿನೆಂಟು ವರ್ಷಗಳ ಹಿಂದೆ ಆಕೆಗೆ ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಗರ್ಭಕೋಶದ ಗಡ್ಡೆಯ ಶಸ್ತ್ರಕ್ರಿಯೆಯಾಯಿತು. ಎಲ್ಲವೂ ಸುಸೂತ್ರ. ಮರುದಿನ ನಾನು ಕುತೂಹಲದಿಂದ, “ಒಳಗ ಏನಾದರೂ ಗೊತ್ತಾತೇನ ಅಕ್ಕಾ?” ಎಂದೆ. “ಏನೂ ಇಲ್ಲೋ ತಮ್ಮ. ಕಣ್ಣ ಮುಚ್ಚಿದ್ನಿ, ತಗದ್ನಿ. ನಡುವ ಏನೂ ಇಲ್ಲ” ಎಂದಳು.

ಊರಿಗೆ ಹೋದ ಮೇಲೆ ಆಕೆ ಬಾಡತೊಡಗಿದಳು. ಗಾಯ ಮಾದಿತ್ತು, ಜ್ವರವಿರಲಿಲ್ಲ. ಊಟ ಬಿಟ್ಟಳು. ಟ್ರಂಕಿನಿಂದ ಇಳಕಲ್ ಸೀರೆಗಳನ್ನು ತೆಗೆದು ಸೊಸೆಯರಿಗೆ ಹಂಚಿದಳು. ಕೇಳಿದರೆ ಹೇಳಿದ್ದಿಷ್ಟು: “ನಂದು ಕ್ಯಾನ್ಸರ್ ಐತಿ. ನೀವು ಯಾರೂ ಹೇಳವಲ್ರಿ.” ಮನೆಯಲ್ಲಿ ಯಾರೂ ಆ ಶಬ್ದವನ್ನು ಎತ್ತಿರಲಿಲ್ಲ. ಗಡ್ಡೆಯ ಪರೀಕ್ಷೆಯ ಕಾಗದದಲ್ಲಿ ಅಂಥದೇನೂ ಇರಲಿಲ್ಲ. ನಾನು ಓದಿ ಹೇಳಿದರೆ, ಮಾಸ್ತರನಾದ ತಮ್ಮ ಒಳ್ಳೆಯದಕ್ಕಾಗಿ ಸುಳ್ಳು ಓದುತ್ತಿದ್ದಾನೆಂದು ತಿಳಿದಳು. ಕೊನೆಗೆ ಶಸ್ತ್ರವೈದ್ಯರ ಬಳಿಗೇ ಕರೆದುಕೊಂಡು ಹೋಗಿ ಅವರ ಬಾಯಿಂದ ಹೇಳಿಸಿದೆವು. ಆಗ ಅವರೊಡನಿದ್ದ ಕಿರಿಯ ವೈದ್ಯರೊಬ್ಬರು ಸ್ವಲ್ಪ ಯೋಚಿಸಿ, “ಗಡ್ಡೆ ಕಂಡಾಗ ಮೊದಲು ಆ ಅನುಮಾನ ಬಂದು ನಾವು ಆಡಿಕೊಂಡಿದ್ದೆವು. ಆದರೆ ಆಕೆಗೆ ಪೂರ್ತಿ ಭೂಲ್ ಇತ್ತಲ್ಲ!” ಎಂದರು. ನಾಲ್ಕು ತಿಂಗಳು ನಮ್ಮ ಮನೆ ಪಟ್ಟ ಪಾಡು ಆ ‘ಅಲ್ಲ’ದೊಳಗೆ ಅಡಗಿತ್ತು.

ಇದನ್ನು ನಾನು ಸಾಕ್ಷ್ಯವೆಂದು ನಿಮ್ಮ ಮುಂದೆ ಒಡ್ಡುತ್ತಿಲ್ಲ. ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರು ಏನೆಂದಿದ್ದರೋ! ಒಳಗೆ ಒಯ್ಯುವ ಮೊದಲು ಕೊಡುವ ಮಂಪರಿನ ಔಷಧಗಳಲ್ಲಿ ಮಿಡಜೋಲಾಮಿನಂಥವು ಇವೆ. ಅವನ್ನು ಕೊಟ್ಟಾಗ ಮನುಷ್ಯ ಮಾತನಾಡುತ್ತಾನೆ, ಕೇಳುತ್ತಾನೆ, ಆಮೇಲೆ ಅದಾವುದೂ ನೆನಪಿರುವುದಿಲ್ಲ. ಅಕ್ಕ ಆ ಮಾತನ್ನು ಬಾಗಿಲಲ್ಲಿ ಕೇಳಿ ಮರೆತಿರಬಹುದು. ಏನೂ ಕೇಳದೆ ತಾನೇ ಭಯಪಟ್ಟಿರಲೂಬಹುದು. ಆದರೆ ‘ನಡುವ ಏನೂ ಇಲ್ಲ’ ಎಂಬ ಆಕೆಯ ಮಾತು ನನ್ನನ್ನು ಬಿಡಲಿಲ್ಲ. ಅದು ನನಗೆ ಎಲ್ಲಿಯೋ ಪರಿಚಿತವಾದ ಮಾತೆನಿಸಿ, ಹಳೆಯ ಪುಸ್ತಕಗಳನ್ನು ತೆಗೆದೆ.

ಗಾಢನಿದ್ದೆಯಿಂದ ಎದ್ದವನು ‘ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ’ ಎನ್ನುತ್ತಾನೆ. ಹೀಗೆ ನೆನೆಯುತ್ತಾನೆಂದರೆ ಅಲ್ಲಿ ಏನೋ ಒಂದು ಅನುಭವ ಇದ್ದಿರಲೇಬೇಕು ಎಂಬುದು ವೇದಾಂತಿಗಳ ಪ್ರಸಿದ್ಧ ವಾದ. ಆದರೆ ಮೂರ್ಛೆಯ ವಿಚಾರವೇ ಬೇರೆ ಇದೆ. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಹತ್ತನೆಯ ಸೂತ್ರ ಪೂರ್ತಿ ಮೂರ್ಛಿತನಿಗಾಗಿಯೇ ಇದೆ. ಶಂಕರಾಚಾರ್ಯರ ಭಾಷ್ಯವನ್ನು ಆ ಸ್ಥಳದಲ್ಲಿ ಓದಿದರೆ ಒಬ್ಬ ವೈದ್ಯನ ಟಿಪ್ಪಣಿಯನ್ನು ಓದಿದಂತಾಗುತ್ತದೆ. ಇವನು ಎಚ್ಚರದಲ್ಲಿಲ್ಲ, ಇಂದ್ರಿಯಗಳು ವಿಷಯಗಳನ್ನು ಹಿಡಿಯುತ್ತಿಲ್ಲ. ಬಾಣ ಮಾಡುವವನು ಬಾಣದಲ್ಲೇ ಮಗ್ನನಾಗಿ ಬೇರೆ ಕಾಣದಂತೆ ಇವನೂ ಇರಬಹುದಲ್ಲ ಎಂದರೆ, ಇಲ್ಲ. ಬಾಣಗಾರ ಆಮೇಲೆ ‘ಇಷ್ಟು ಹೊತ್ತು ಬಾಣವನ್ನೇ ಕಂಡೆ’ ಎನ್ನುತ್ತಾನೆ, ಇವನು ‘ಕಗ್ಗತ್ತಲೆಯಲ್ಲಿದ್ದೆ, ಏನೂ ತಿಳಿಯಲಿಲ್ಲ’ ಎನ್ನುತ್ತಾನೆ. ಸತ್ತಿಲ್ಲ, ಏಕೆಂದರೆ ಎದೆ ಮುಟ್ಟಿದರೆ ಬಿಸಿ ಇದೆ, ಮೂಗಿನ ಬಳಿ ಉಸಿರಿದೆ. ನಿದ್ದೆಯೂ ಅಲ್ಲ, ನಿದ್ದೆಯವನ ಮುಖ ಪ್ರಸನ್ನ, ಉಸಿರು ಸಮ, ಕೈಯಿಂದ ತಟ್ಟಿದರೆ ಏಳುತ್ತಾನೆ, ಇವನನ್ನು ಒನಕೆಯಂಥ ಮುದ್ಗರದಿಂದ ಹೊಡೆದರೂ ಎಬ್ಬಿಸಲಾಗದು. ಉಳಿದದ್ದೇನು? ಸೂತ್ರಕಾರರ ನಿರ್ಣಯ: ಇದು ಅರ್ಧ. ಅರ್ಧ ಸುಷುಪ್ತಿಯ ಕಡೆಗೆ, ಅರ್ಧ ಬೇರೆಯ ಕಡೆಗೆ. ಮೂರೇ ಅವಸ್ಥೆಗಳೆಂದು ಲೆಕ್ಕ ಮುಗಿಸದೆ, ಹೊಂದದ್ದನ್ನು ಹೊಂದದೆಂದೇ ಬರೆದಿಟ್ಟ ಆ ಪ್ರಾಮಾಣಿಕತೆಗೆ ನಾನು ಬೆರಗಾದೆ. ಆದರೆ ಅಕ್ಕನ ಮಾತು ಆ ಭಾಷ್ಯದೊಳಗೂ ಹಿಡಿಸಲಿಲ್ಲ. ಆಕೆ ಸುಖವನ್ನೂ ಹೇಳಲಿಲ್ಲ, ಕತ್ತಲೆಯನ್ನೂ ಹೇಳಲಿಲ್ಲ. ಹೊತ್ತು ಹೋದದ್ದೇ ಆಕೆಗೆ ತಿಳಿಯಲಿಲ್ಲ; ನಡುವಿನ ಎರಡು ಗಂಟೆ ಕತ್ತರಿಸಿ ಎರಡು ತುದಿಗಳನ್ನು ಹೊಲಿದಂತೆ.

ಇನ್ನು ನೆನಪಿನ ಮಾತು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದ ನನ್ನ ತಲೆಮಾರಿನವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ಸಂಸ್ಕಾರವೊಂದರಿಂದಲೇ ಹುಟ್ಟುವ ಜ್ಞಾನ ಸ್ಮೃತಿ ಎಂದು ಅವನು ಹೇಳುತ್ತಾನೆ. ಅಂದರೆ ಸಂಸ್ಕಾರ ಬೇರೆ, ಸ್ಮೃತಿ ಬೇರೆ. ಸಂಸ್ಕಾರವಿದ್ದೂ ಅದನ್ನು ಎಬ್ಬಿಸುವ ಉದ್ಬೋಧಕ ದೊರೆಯದಿದ್ದರೆ ಸ್ಮೃತಿ ಹುಟ್ಟದು. ಖಾನಾಪುರದ ಕಡೆಯ ಹಂಚುಗಳನ್ನು ನೋಡಿದ್ದೀರಾ? ಹಸಿಯಾಗಿದ್ದಾಗ ನಾಯಿ ತುಳಿದು ಹೋದ ಹೆಜ್ಜೆ ಸುಟ್ಟ ಹಂಚಿನಲ್ಲಿ ಹಾಗೆಯೇ ಉಳಿದಿರುತ್ತದೆ. ಹಂಚಿಗೆ ನಾಯಿಯ ನೆನಪಿಲ್ಲ, ಹೆಜ್ಜೆ ಇದೆ.

1911ರಲ್ಲಿ ಜಿನೀವಾದ ಕ್ಲಾಪರೇಡ್ ಎಂಬ ಮನೋವಿಜ್ಞಾನಿ ಇಂಥದೇ ಹೆಜ್ಜೆಯನ್ನು ಮನುಷ್ಯರಲ್ಲಿ ಕಂಡ. ಅವನ ರೋಗಿಯೊಬ್ಬಳಿಗೆ ಹೊಸದೇನೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ದಿನವೂ ನೋಡುವ ವೈದ್ಯನನ್ನೇ ಗುರುತಿಸಳು. ಒಂದು ದಿನ ಅವನು ಬೆರಳ ಸಂದಿಯಲ್ಲಿ ಗುಂಡುಸೂಜಿ ಬಚ್ಚಿಟ್ಟು ಅವಳ ಕೈಕುಲುಕಿದ. ಸ್ವಲ್ಪ ಹೊತ್ತಿಗೆ ಅವಳು ಅದನ್ನೂ ಮರೆತಳು. ಆದರೆ ಮತ್ತೆ ಕೈ ಚಾಚಿದಾಗ ತನ್ನ ಕೈಯನ್ನು ಹಿಂತೆಗೆದಳು. ಏಕೆಂದರೆ ಅವಳಿಗೆ ಗೊತ್ತಿಲ್ಲ. ಕೈಗೆ ಗೊತ್ತು.

ಮೂರ್ಛಿತರಲ್ಲಿ ಈ ಹೆಜ್ಜೆಯನ್ನು ಮೊದಲು ಹುಡುಕಿದವರು ಸಮ್ಮೋಹನದ ದಾರಿ ಹಿಡಿದರು. 1959ರಲ್ಲಿ ಅಮೆರಿಕದ ಚೀಕ್ ಎಂಬ ವೈದ್ಯ, ಶಸ್ತ್ರಕ್ರಿಯೆಯ ಕಾಲದಲ್ಲಿ ಆಡಿದ ಅರ್ಥವುಳ್ಳ ಮಾತುಗಳನ್ನು ರೋಗಿಗಳು ಸಮ್ಮೋಹನದಲ್ಲಿ ಹೊರಗೆಡಹುತ್ತಾರೆಂದು ಬರೆದ. 1965ರಲ್ಲಿ ದಕ್ಷಿಣ ಆಫ್ರಿಕದ ಲೆವಿನ್ಸನ್ ಇಂದು ಯಾರೂ ಮಾಡಗೊಡದ ಪ್ರಯೋಗವೊಂದನ್ನು ಮಾಡಿದ. ಹಲ್ಲಿನ ಶಸ್ತ್ರಕ್ರಿಯೆಗೆಂದು ಆಳವಾದ ಮೂರ್ಛೆಯಲ್ಲಿದ್ದ ಹತ್ತು ಮಂದಿಯ ಹತ್ತಿರ, ಕೆಲಸದ ನಡುವೆ, ರೋಗಿಯ ತುಟಿ ನೀಲಿಗಟ್ಟಿದೆ, ಕೆಲಸ ನಿಲ್ಲಿಸಿ ಎಂದು ಸುಳ್ಳು ಗಾಬರಿಯ ನಾಟಕ ಆಡಿದರು. ತಿಂಗಳ ಮೇಲೆ ಸಮ್ಮೋಹನದಲ್ಲಿ ಕೇಳಿದರೆ ನಾಲ್ವರು ಆ ಮಾತುಗಳನ್ನು ಹೆಚ್ಚುಕಡಿಮೆ ಹಾಗೆಯೇ ಹೇಳಿದರು. ಇನ್ನು ನಾಲ್ವರು ಆ ಘಳಿಗೆಗೆ ಬಂದೊಡನೆ ಕಳವಳಗೊಂಡರು. ಇಬ್ಬರಿಗೆ ಏನೂ ಇಲ್ಲ. ಓದಿದವರ ಎದೆ ಝಲ್ಲೆಂದಿತು. ಆದರೆ ಹೋಲಿಕೆಗೆ ಆ ನಾಟಕವನ್ನು ಕೇಳದ ಇನ್ನೊಂದು ಗುಂಪು ಇರಲಿಲ್ಲ. ಸಮ್ಮೋಹನದಲ್ಲಿ ಬಂದ ನೆನಪು ಕೇಳುವವನ ಮನಸ್ಸನ್ನು ನೋಡಿ ಹುಟ್ಟುವುದೂ ಉಂಟು. ಇದನ್ನು ನಂಬುವುದು ಕಷ್ಟ, ತಳ್ಳಿಹಾಕುವುದೂ ಕಷ್ಟ.

ಮುಂದಿನವರು ಹೆಚ್ಚು ಜಾಗರೂಕರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅವರ ಉಪಾಯ ಹೀಗಿದೆ: ಮೂರ್ಛೆಯಲ್ಲಿದ್ದಾಗ ಕಿವಿಯಲ್ಲಿ ‘ಕಂದೀಲು’ ಎಂಬ ಶಬ್ದವನ್ನು ಹಲವು ಸಲ ನುಡಿಸಬೇಕು. ಎಚ್ಚರವಾದ ಮೇಲೆ ಅದನ್ನು ನೆನೆಯಿರಿ ಎನ್ನಬಾರದು. ‘ಕಂ’ ಎಂದು ಬರೆದುಕೊಟ್ಟು, ಮೊದಲು ತೋಚಿದ ಶಬ್ದ ಮಾಡಿ ಎನ್ನಬೇಕು. ಕಂಬ, ಕಂಬಳಿ, ಕಂಚು ಎನ್ನುವವರೇ ಹೆಚ್ಚು. ಕೇಳಿಸಿಕೊಂಡ ಗುಂಪಿನಲ್ಲಿ ಕಂದೀಲು ಎನ್ನುವವರು ಹೆಚ್ಚಿದರೆ ಎಲ್ಲಿಯೋ ಹೆಜ್ಜೆ ಬಿದ್ದಿದೆ. ಇದೇ ತರ್ಕದಿಂದ 1994ರಲ್ಲಿ ಮ್ಯೂನಿಕ್ಕಿನ ಶ್ವೆಂಡರ್ ಮತ್ತು ಸಂಗಡಿಗರು ಹೃದಯದ ಶಸ್ತ್ರಕ್ರಿಯೆಯ ಕಾಲದಲ್ಲಿ ಮೂವತ್ತು ಮಂದಿಗೆ ರಾಬಿನ್ಸನ್ ಕ್ರೂಸೋನ ಕತೆಯನ್ನು ಕೇಳಿಸಿದರು. ಆ ಕತೆಯಲ್ಲಿ ‘ಶುಕ್ರವಾರ’ ಎಂಬುದು ದ್ವೀಪದ ಸಂಗಾತಿಯ ಹೆಸರು. ಕೆಲವು ದಿನಗಳ ಮೇಲೆ, ಶುಕ್ರವಾರ ಎಂದರೆ ಏನು ತೋಚುತ್ತದೆ ಎಂದು ಕೇಳಿದರು. ಮೂವತ್ತರಲ್ಲಿ ಏಳು ಮಂದಿ ಕ್ರೂಸೋ ಎಂದರು. ಕತೆ ಕೇಳಿಸದ ಹದಿನೈದು ಮಂದಿಯಲ್ಲಿ ಒಬ್ಬರೂ ಹಾಗೆನ್ನಲಿಲ್ಲ. ಆ ಏಳು ಮಂದಿಯ ಮಿದುಳು ಮೂರ್ಛೆಯಲ್ಲಿಯೂ ಶಬ್ದಕ್ಕೆ ಓಗೊಡುತ್ತಿದ್ದುದನ್ನು ಅಲೆಗಳು ತೋರಿಸಿದ್ದವು. ಅಂದರೆ ಮೂರ್ಛೆ ಸಾಕಷ್ಟು ಆಳವಾಗಿದ್ದಲ್ಲಿ ಹೆಜ್ಜೆ ಇಲ್ಲ, ತೆಳುವಾದಲ್ಲಿ ಇದೆ. ನಡುವೆ ಬಂದ ಎಷ್ಟೋ ಪ್ರಯೋಗಗಳಲ್ಲಿ ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣದೆ ಜಗಳವಾದದ್ದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಅರಿವಳಿಕೆಯೋ ಭೂಲೋ ಎಂದು ನಾನು ಮೊದಲು ಕೇಳಿದೆನಲ್ಲ, ಅದಕ್ಕೆ ನೇರವಾದ ಪರೀಕ್ಷೆಯೂ ನಡೆದಿದೆ. 1977ರಲ್ಲಿ ಟನ್‌ಸ್ಟಲ್ ಎಂಬ ವೈದ್ಯ ಒಂದು ಸರಳ ಯುಕ್ತಿ ಹೂಡಿದ. ಸ್ನಾಯು ಸಡಿಲಿಸುವ ಔಷಧ ಕೊಡುವ ಮೊದಲು ಒಂದು ತೋಳಿಗೆ ಪಟ್ಟಿ ಬಿಗಿದರೆ ಆ ಕೈಗೆ ಔಷಧ ತಲುಪುವುದಿಲ್ಲ; ಅದು ಆಡಬಲ್ಲದು. ಆಗ ರೋಗಿಯ ಹೆಸರು ಹಿಡಿದು ಕರೆದು, ನನ್ನ ಕೈ ಅದುಮು ಎನ್ನಬೇಕು. 2017ರಲ್ಲಿ ಹಲವು ದೇಶಗಳ ಆಸ್ಪತ್ರೆಗಳಲ್ಲಿ 260 ಮಂದಿಯನ್ನು ಹೀಗೆ ಪರೀಕ್ಷಿಸಿದಾಗ ಹನ್ನೆರಡು ಮಂದಿ ಕೈ ಅದುಮಿದರು. ಎಚ್ಚರವಾದ ಮೇಲೆ ಅವರಲ್ಲಿ ಒಬ್ಬರಿಗೂ ಅದರ ನೆನಪಿರಲಿಲ್ಲ. ಕರೆದರೆ ಕೇಳಿತು, ತಿಳಿಯಿತು, ಉತ್ತರ ಬಂತು, ಉಳಿಯಲಿಲ್ಲ. ಆ ಹನ್ನೆರಡು ಮಂದಿಯ ಮಟ್ಟಿಗೆ ನಮ್ಮ ಪಂಡಿತರ ಶಬ್ದಕ್ಕಿಂತ ಖಾನಾಪುರದ ಸಂತೆಯ ಶಬ್ದವೇ ಸರಿ.

ಇದನ್ನು ಓದಿ ನೀವು ಹೆದರಬೇಕಾಗಿಲ್ಲ. ಎಚ್ಚರವಾಗಿದ್ದು, ಆಮೇಲೆ ಅದನ್ನು ನೆನೆಯುವುದು ಬಹಳ ಅಪರೂಪ. ಬ್ರಿಟನ್ ಮತ್ತು ಐರ್ಲೆಂಡಿನ ವೈದ್ಯರು 2014ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆಯಲ್ಲಿ ರೋಗಿಗಳು ತಾವಾಗಿ ಹೇಳಿಕೊಂಡದ್ದು ಸುಮಾರು 19,000ಕ್ಕೆ ಒಂದು. ಪೂರ್ತಿ ಮೂರ್ಛೆ ಕೊಟ್ಟು ಮಾಡುವ ಸಿಸೇರಿಯನ್ ಹೆರಿಗೆಯಲ್ಲಿ ಮಾತ್ರ ಅದು ಸುಮಾರು 670ಕ್ಕೆ ಒಂದು. ಅಲ್ಲಿ ಮಗುವಿನ ಹಿತಕ್ಕಾಗಿ ಔಷಧದಲ್ಲಿ ಕೈ ಬಿಗಿ ಹಿಡಿಯಬೇಕಾಗುತ್ತದೆ, ಅವಸರವೂ ಇರುತ್ತದೆ. ಅಂಥ ತಾಯಂದಿರು ತಮಗೆ ಏನೋ ಕೇಳಿಸಿತೆಂದರೆ ಮನೆಯವರು “ಕನಸು ಬಿದ್ದಿರಬೇಕು” ಎಂದು ಬಾಯಿ ಮುಚ್ಚಿಸುತ್ತಾರೆ. ಅದೊಂದು ತಪ್ಪು. ಕೇಳಿಸಿಕೊಂಡು ವೈದ್ಯರಿಗೆ ತಿಳಿಸಬೇಕು.

ಕೆಟ್ಟ ಮಾತು ಒಳಗೆ ಇಳಿಯುವುದಾದರೆ ಒಳ್ಳೆಯ ಮಾತೂ ಇಳಿಯಬೇಕಲ್ಲ? 1988ರಲ್ಲಿ ಇಂಗ್ಲೆಂಡಿನ ಎವನ್ಸ್ ಮತ್ತು ರಿಚರ್ಡ್‌ಸನ್ ಗರ್ಭಕೋಶದ ಶಸ್ತ್ರಕ್ರಿಯೆಗೆ ಬಂದ 39 ಹೆಂಗಸರಲ್ಲಿ ಕೆಲವರಿಗೆ ಮೂರ್ಛೆಯಲ್ಲಿ ಧೈರ್ಯದ ಮಾತುಗಳ ಟೇಪನ್ನೂ ಉಳಿದವರಿಗೆ ಖಾಲಿ ಟೇಪನ್ನೂ ಹಾಕಿದರು. ಮಾತು ಕೇಳಿದವರು ಬೇಗ ಮನೆಗೆ ಹೋದರು. ಮತ್ತೆ ಮಾಡಿ ನೋಡಿದ ಕೆಲವರಿಗೆ ಈ ಫಲ ಸಿಗಲಿಲ್ಲ. ಆದರೆ 2020ರಲ್ಲಿ ಜರ್ಮನಿಯ ಐದು ಆಸ್ಪತ್ರೆಗಳಲ್ಲಿ 385 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ, ಹಿತವಾದ ಮಾತನ್ನು ಮೆಲುಸಂಗೀತದೊಡನೆ ಕಿವಿಯಲ್ಲಿ ಕೇಳಿಸಿಕೊಂಡವರಿಗೆ ನೋವು ಕಡಿಮೆಯಾಗಿತ್ತು. ಅಫೀಮಿನ ಜಾತಿಯ ನೋವುನಿವಾರಕ ಸುಮಾರು ಮೂರನೆಯ ಒಂದು ಪಾಲು ಕಡಿಮೆ ಸಾಕಾಯಿತು. ಖರ್ಚಿಲ್ಲದ ಔಷಧ. ನಮ್ಮ ಅಜ್ಜಿಯರು ಎಚ್ಚರತಪ್ಪಿದವರ ತಲೆದೆಸೆಯಲ್ಲಿ ಕೂತು, “ಏನೂ ಆಗಿಲ್ಲ, ಆರಾಮಾಗತೈತಿ” ಎಂದು ಹೇಳುತ್ತಿದ್ದದ್ದನ್ನು ನಾವು ನಕ್ಕು ಬಿಟ್ಟೆವು.

ಕಳೆದ ವರ್ಷ ಅಕ್ಕನಿಗೆ ಮತ್ತೆ ಪಿತ್ತಕೋಶದ ಕಲ್ಲಿನ ಶಸ್ತ್ರಕ್ರಿಯೆಯಾಗಬೇಕಾಯಿತು, ಬೆಳಗಾವಿಯಲ್ಲೇ. ಹಿಂದಿನ ದಿನ ಭೂಲಿನ ಡಾಕ್ಟರು ಪರೀಕ್ಷೆಗೆ ಬಂದಾಗ ನಾನು ಸಂಕೋಚಪಡುತ್ತ, “ಒಳಗ ಮಾತಾಡುವಾಗ ಸ್ವಲ್ಪ...” ಎಂದು ಹಳೆಯ ಸಂಗತಿಯನ್ನೆಲ್ಲ ಹೇಳಿದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. “ಸರ್, ನಾನು ಕಿವಿಗೆ ಹತ್ತಿ ಇಡಸ್ತೀನಿ, ಮತ್ತ ಹೆಸರು ಹಿಡದು ಮಾತಾಡಸ್ತೀನಿ” ಎಂದರು.

ಮರುದಿನ ಬೆಳಿಗ್ಗೆ ಅಕ್ಕನ ದೊಡ್ಡ ಮಗ ಎಮ್ಮೆ ಕರೆಯುವವರಿಲ್ಲವೆಂದು, ಆಕೆಯನ್ನು ಒಳಗೆ ಒಯ್ದೊಡನೆ ಖಾನಾಪುರದ ಬಸ್ಸು ಹಿಡಿಯಲು ಓಡಿದ. ಮಧ್ಯಾಹ್ನ ಆಕೆಯನ್ನು ಹೊರಗೆ ತಂದರು. ಅಷ್ಟರಲ್ಲಿ ಅವನು ಊರು ಮುಟ್ಟಿ ಫೋನೂ ಮಾಡಿದ್ದ. ಅಕ್ಕ ಕಣ್ಣು ತೆರೆದು ನನ್ನನ್ನು ಗುರುತಿಸಿ, ಒಣಗಿದ ಬಾಯಿಯಿಂದ ಮೊದಲು ಕೇಳಿದ್ದು, “ಅವಗ ಬಸ್ ಸಿಕ್ತೇನೋ?”